ಸಾಗವಾನಿ ಕಂಬಗಳ ವಾಡೆ ಭೂಕಂಪಕ್ಕೆ ನಿಂತೀತೇ?

ಪ್ರಶ್ನೆ: ನಾವು ಪುಣೆಯ ಕಸಬಾ ಪೇಠೆಯಲ್ಲಿ, ನಡುವೆ ಅಂಗಳವಿರುವ ಹಳೆಯ ಕಾಲದ ದೊಡ್ಡ ಮನೆ, ಅಂದರೆ ವಾಡೆಯೊಂದರ ಎರಡನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಮೂಲತಃ ವಿಜಯಪುರದ ಕಡೆಯವರು. ನಮ್ಮ ಮಾವನವರ ಕಾಲದಿಂದಲೂ ಇದೇ ಮನೆ. ಕಂಬ, ತೊಲೆ, ಜಂತೆ ಎಲ್ಲವೂ ಸಾಗವಾನಿ. ಗೋಡೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯದು. ವಾಡೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಬೇಕೆಂದಿರುವ ಬಿಲ್ಡರ್, ‘ಒಂದು ಭೂಕಂಪವಾದರೆ ಈ ಮರದ ಮನೆ ಉಳಿಯುವುದಿಲ್ಲ’ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗ, ‘ಇಲ್ಲಿ ಎಲ್ಲರೂ ಮರದ ಮನೆಯಲ್ಲೇ ಇರುವುದು, ಅದೇ ಸುರಕ್ಷಿತ’ ಎನ್ನುತ್ತಾನೆ. ಯಾರ ಮಾತು ನಿಜ? ಎಂಬತ್ತು ದಾಟಿದ ಅತ್ತೆಯವರೂ ನಮ್ಮ ಜೊತೆಗಿದ್ದಾರೆ. ರಾತ್ರಿ ನೆಲ ನಡುಗಿದರೆ ಏನು ಮಾಡಬೇಕು?

ಉತ್ತರ: ನಿಮ್ಮ ಮಗ ಹೇಳುವುದು ಅವರಿರುವ ಊರಿನ ಮಟ್ಟಿಗೆ ಬಹುಪಾಲು ನಿಜ. ಬಿಲ್ಡರ್ ಹೇಳುವುದು ನಿಮ್ಮ ವಾಡೆಯ ಈಗಿನ ಸ್ಥಿತಿಗೆ ಒಪ್ಪಬಹುದು, ಒಪ್ಪದೆಯೂ ಇರಬಹುದು. ಆದರೆ ಅವರು ಕೊಡುವ ಕಾರಣವಂತೂ ಸರಿಯಲ್ಲ. ಮರದ್ದು ಎಂಬ ಒಂದೇ ಕಾರಣಕ್ಕೆ ಯಾವ ಮನೆಯೂ ಭೂಕಂಪದಲ್ಲಿ ಬೀಳುವುದಿಲ್ಲ, ಅದೇ ಕಾರಣಕ್ಕೆ ಉಳಿಯುವುದೂ ಇಲ್ಲ. ಆ ಚೌಕಟ್ಟಿನ ತಲೆಯ ಮೇಲೆ ಎಷ್ಟು ಭಾರ ಹೇರಲಾಗಿದೆ, ಸಂದುಗಳು ಎಷ್ಟು ಬಿಗಿಯಾಗಿವೆ, ಕಂಬದ ಬುಡ ಗಟ್ಟಿಯಾಗಿದೆಯೇ, ಸುತ್ತಲಿನ ಗೋಡೆಗೂ ಚೌಕಟ್ಟಿಗೂ ಏನಾದರೂ ಹಿಡಿತವಿದೆಯೇ ಎಂಬ ನಾಲ್ಕು ಸಂಗತಿಗಳೇ ಮನೆಯ ಹಣೆಬರಹವನ್ನು ತೀರ್ಮಾನಿಸುತ್ತವೆ. ಒಳಗಿದ್ದವರ ಜೀವದ ಪ್ರಶ್ನೆಯೂ ಹೆಚ್ಚುಕಡಿಮೆ ಅಲ್ಲಿಯೇ ನಿಂತಿದೆ.

ಭೂಕಂಪವು ಮನೆಯನ್ನು ಬುಡದಲ್ಲಿ ಹಿಡಿದು ಅಡ್ಡಡ್ಡಲಾಗಿ ಎಳೆಯುತ್ತದೆ. ನೆಲ ಸರಿದಾಗ ಮೇಲಿನ ಭಾರವು ಇದ್ದಲ್ಲೇ ಇರಲು ನೋಡುವುದರಿಂದ, ಕಟ್ಟಡದ ಮೇಲೆ ಬೀಳುವ ಬಲವು ಅದರ ತೂಕಕ್ಕೆ ತಕ್ಕಂತೆ ಏರುತ್ತದೆ. ಒಂದು ಘನ ಮೀಟರ್ ಸಾಗವಾನಿ ಸುಮಾರು 650 ಕಿಲೊ ತೂಗಿದರೆ, ಅಷ್ಟೇ ಗಾತ್ರದ ಇಟ್ಟಿಗೆ ಗೋಡೆ 1,900 ಕಿಲೊದ ಸುತ್ತಮುತ್ತ ತೂಗುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟು 2,500 ಕಿಲೊ. ಆದ್ದರಿಂದ ಗೋಡೆ, ನೆಲ, ಛಾವಣಿ ಎಲ್ಲವೂ ಮರದ್ದೇ ಆಗಿರುವ ಮನೆಯನ್ನು ಭೂಕಂಪವು ಹಿಡಿದು ಅಲುಗಾಡಿಸುವುದೇ ಕಡಿಮೆ ಬಲದಿಂದ. ಜೊತೆಗೆ ಮರಕ್ಕೆ ಇನ್ನೊಂದು ಗುಣವಿದೆ: ವರ್ಷಾನುಗಟ್ಟಲೆ ಹೊರಬಲ್ಲ ಭಾರಕ್ಕಿಂತ ಹೆಚ್ಚಿನದನ್ನು ಅದು ಕೆಲವು ಸೆಕೆಂಡುಗಳ ಮಟ್ಟಿಗೆ ತಾಳಿಕೊಳ್ಳುತ್ತದೆ. ಭೂಕಂಪ ಮತ್ತು ಬಿರುಗಾಳಿಯ ಲೆಕ್ಕ ಹಾಕುವಾಗ ಮರದ ಮೇಲೆ ಹೆಚ್ಚಿನ ಒತ್ತಡಕ್ಕೆ ಕಟ್ಟಡ ನಿರ್ಮಾಣದ ಸಂಹಿತೆಗಳು ಅನುಮತಿ ಕೊಡುವುದು ಈ ಕಾರಣದಿಂದಲೇ.

ಆದರೆ ಮರದ ತುಂಡು ತಾನಾಗಿ ಅಷ್ಟೇನೂ ಸಹನಶೀಲವಲ್ಲ. ಮಿತಿಮೀರಿ ಬಗ್ಗಿಸಿದರೆ ಅದು ಫಟ್ಟನೆ ಸೀಳಿಬಿಡುತ್ತದೆ. ಸಹನೆ ಇರುವುದು ಸಂದುಗಳಲ್ಲಿ. ನಿಮ್ಮ ಮಗ ಇರುವಂಥ ಅಮೆರಿಕದ ಮನೆಯ ಗೋಡೆಯನ್ನು ಬಿಚ್ಚಿ ನೋಡಿದರೆ ದಪ್ಪ ಕಂಬಗಳು ಕಾಣುವುದಿಲ್ಲ. ಸುಮಾರು 40 ಸೆಂಟಿಮೀಟರಿಗೊಂದರಂತೆ ನಿಲ್ಲಿಸಿದ ಸಣ್ಣ ಸಣ್ಣ ನಿಲುಪಟ್ಟಿಗಳಿರುತ್ತವೆ, ಅವುಗಳ ಮೈಗೆ ಪ್ಲೈವುಡ್ಡಿನ ಅಥವಾ ಅಂಥದೇ ಹಲಗೆಗಳನ್ನು ಅಂಚಿನುದ್ದಕ್ಕೂ ಒತ್ತೊತ್ತಾಗಿ ಮೊಳೆ ಹೊಡೆದು ಕೂರಿಸಿರುತ್ತಾರೆ. ನೆಲ ನಡುಗಿದಾಗ ಈ ಸಾವಿರಾರು ಮೊಳೆಗಳು ಒಂದಿಷ್ಟು ಬಗ್ಗುತ್ತವೆ, ಮರದೊಳಗೆ ಸ್ವಲ್ಪ ಜರುಗುತ್ತವೆ, ಹಾಗೆ ಜರುಗುತ್ತಲೇ ಕಂಪನದ ಶಕ್ತಿಯನ್ನು ತಿಂದುಹಾಕುತ್ತವೆ. ಗಿಲಾವು ಬಿರುಕು ಬಿಟ್ಟೀತು, ಬಾಗಿಲು ಸಿಕ್ಕಿಹಾಕಿಕೊಂಡೀತು, ಆದರೆ ಒಂದು ಮೊಳೆ ಸೋತರೆ ಪಕ್ಕದ ಹತ್ತು ಮೊಳೆಗಳು ಹೊಣೆ ಹೊರುವುದರಿಂದ ಮನೆ ಒಮ್ಮೆಲೇ ಕುಸಿಯುವುದು ಅಪರೂಪ. 2009ರಲ್ಲಿ ಜಪಾನಿನ ಮಿಕಿ ಎಂಬಲ್ಲಿರುವ ಬೃಹತ್ ಕಂಪನ ವೇದಿಕೆಯ ಮೇಲೆ ಇದೇ ಪದ್ಧತಿಯ ಆರು ಮಹಡಿಯ ಮರದ ಕಟ್ಟಡವನ್ನು ಪೂರ್ಣ ಗಾತ್ರದಲ್ಲಿ ಕಟ್ಟಿ ಅಲುಗಾಡಿಸಿ ನೋಡಿದರು, ಅದು ನಿಂತಿತು. ನಿಮ್ಮ ವಾಡೆಯೂ ಮರದ್ದೇ ಆದರೂ ಈ ಜಾತಿಯದ್ದಲ್ಲ ಎಂಬುದನ್ನು ಮೊದಲು ಗಮನದಲ್ಲಿಡಬೇಕು.

ಕ್ಯಾಲಿಫೋರ್ನಿಯಾದಲ್ಲೂ ಎಲ್ಲ ಮರದ ಮನೆಗಳು ಉಳಿದಿಲ್ಲ. 1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲಿಸ್ ಬಳಿಯ ನಾರ್ಥ್‌ರಿಜ್‌ನಲ್ಲಿ 6.7 ಪರಿಮಾಣದ ಭೂಕಂಪವಾದಾಗ, ಮೂರು ಅಂತಸ್ತಿನ ಒಂದೇ ಮರದ ವಸತಿ ಸಮುಚ್ಚಯದಲ್ಲಿ 16 ಜನ ಸತ್ತರು. ಸತ್ತವರೆಲ್ಲ ನೆಲ ಅಂತಸ್ತಿನಲ್ಲಿದ್ದವರು. ಕಾರು ನಿಲ್ಲಿಸುವುದಕ್ಕೆಂದು ಕೆಳಗೆ ಜಾಗ ಬಿಟ್ಟಿದ್ದರಿಂದ ಆ ಅಂತಸ್ತಿಗೆ ಅಡ್ಡಬಲವನ್ನು ತಡೆಯುವಷ್ಟು ಗೋಡೆಗಳಿರಲಿಲ್ಲ. ಮೇಲಿನ ಎರಡು ಅಂತಸ್ತುಗಳು ಹೆಚ್ಚುಕಡಿಮೆ ಇಡಿಯಾಗಿಯೇ ಕೆಳಗಿನದರ ಮೇಲೆ ಕುಳಿತವು. ಅಲ್ಲಿನ ಹಳೆಯ ಮನೆಗಳಲ್ಲಿ ಇನ್ನೊಂದು ದೋಷವಿದೆ: ಪಾಯದ ಮೇಲೆ ಮೊಳಕಾಲೆತ್ತರದ ಕುಳ್ಳ ಮರದ ಗೋಡೆ, ಅದರ ಮೇಲೆ ಮನೆ, ಪಾಯಕ್ಕೂ ಆ ಗೋಡೆಗೂ ನಡುವೆ ಬೋಲ್ಟು ಇಲ್ಲ. ಭೂಕಂಪವಾದಾಗ ಮನೆ ಪಾಯದಿಂದ ಜಾರಿ ಪಕ್ಕಕ್ಕೆ ಕೂರುತ್ತದೆ. ನಿಮ್ಮ ಮಗನ ಮನೆ 1980ಕ್ಕಿಂತ ಹಿಂದಿನದಾಗಿದ್ದರೆ ಪಾಯಕ್ಕೆ ಬೋಲ್ಟು ಬಿಗಿಸಲಾಗಿದೆಯೇ ಎಂದು ಅವರೂ ಒಮ್ಮೆ ನೋಡಿಸಿಕೊಳ್ಳಲಿ.

ಇದಾಗಿ ಸರಿಯಾಗಿ ಒಂದು ವರ್ಷಕ್ಕೆ, 1995ರ ಜನವರಿ 17ರಂದು, ಜಪಾನಿನ ಕೋಬೆ ನಗರ ನಡುಗಿತು. ಆ ದುರಂತದಲ್ಲಿ ಒಟ್ಟು 6,434 ಜನ ಸತ್ತರು. ನೇರವಾಗಿ ಭೂಕಂಪಕ್ಕೆ ಬಲಿಯಾದವರಲ್ಲಿ ಬಹುಪಾಲು ಜನರು ಹಳೆಯ ಮರದ ಮನೆಗಳ ಅಡಿಯಲ್ಲಿ ಸಿಕ್ಕಿ, ಎದೆಯ ಮೇಲೆ ಭಾರ ಬಿದ್ದು, ಉಸಿರಾಡಲಾಗದೆ ಸತ್ತವರು; ಅವರಲ್ಲಿ ಅನೇಕರಿಗೆ ರಕ್ಷಣಾ ತಂಡ ಬರುವವರೆಗೆ ಕಾಯುವ ಸಮಯವೂ ಸಿಗಲಿಲ್ಲ. ಭೂಕಂಪಕ್ಕೆ ಹೆಸರಾದ ದೇಶದಲ್ಲಿ, ಶತಮಾನಗಳ ಬಡಗಿತನದ ಪರಂಪರೆಯಿದ್ದಲ್ಲಿ ಹೀಗೇಕಾಯಿತು? ಆ ಮನೆಗಳ ಛಾವಣಿಯ ಮೇಲೆ ಮಣ್ಣು ಹಾಸಿ ಅದರ ಮೇಲೆ ದಪ್ಪ ಹೆಂಚು ಕೂರಿಸಿದ್ದರು. ಬಿರುಗಾಳಿಗೆ ಹೆಂಚು ಹಾರದಿರಲೆಂದು ಮಾಡಿದ ಏರ್ಪಾಡು ಅದು. ಕೆಳಗೆ ಕಂಬಗಳಿದ್ದವು, ಆದರೆ ಚೌಕಟ್ಟು ಪಕ್ಕಕ್ಕೆ ವಾಲದಂತೆ ಮೂಲೆಯಿಂದ ಮೂಲೆಗೆ ಬಿಗಿಯುವ ಓರೆಪಟ್ಟಿಗಳು ಕಡಿಮೆ. ಅನೇಕ ಮನೆಗಳ ಕಂಬದ ಬುಡವನ್ನು ಗೆದ್ದಲು ಮತ್ತು ತೇವ ತಿಂದಿದ್ದವು, ಅಂಥವು ಹೆಚ್ಚಾಗಿ ಬಿದ್ದವು. 1981ರ ಹೊಸ ನಿಯಮಗಳ ನಂತರ ಕಟ್ಟಿದ ಮನೆಗಳು, ಅವೂ ಮರದವೇ, ಇವುಗಳಿಗಿಂತ ಎಷ್ಟೋ ಚೆನ್ನಾಗಿ ತಾಳಿಕೊಂಡವು. ನಿಮ್ಮ ವಾಡೆಯ ಬಗ್ಗೆ ಯೋಚಿಸುವಾಗ ನನಗೆ ಕ್ಯಾಲಿಫೋರ್ನಿಯಾಗಿಂತ ಕೋಬೆಯೇ ಹತ್ತಿರದ ಉದಾಹರಣೆ ಎನಿಸುತ್ತದೆ.

ಅದಕ್ಕಿಂತಲೂ ಹತ್ತಿರದ್ದು ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರು–ಉಸ್ಮಾನಾಬಾದ್ ಜಿಲ್ಲೆಗಳ ಗಡಿಯ ಹಳ್ಳಿಗಳು ನೆಲಸಮವಾದವು. ಹಿಂದಿನ ರಾತ್ರಿಯಷ್ಟೇ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಪರಿಮಾಣ 6.2ರ ಆಸುಪಾಸು, ಅಂದರೆ ಜಗತ್ತಿನ ಲೆಕ್ಕದಲ್ಲಿ ದೊಡ್ಡ ಭೂಕಂಪವೇನಲ್ಲ. ಸತ್ತವರು ಎಂಟು ಸಾವಿರದ ಸಮೀಪ. ಅಲ್ಲಿನ ಮನೆಗಳು ನಿಮಗೆ ಪರಿಚಿತವೇ, ಏಕೆಂದರೆ ವಿಜಯಪುರ, ಕಲಬುರಗಿ ಕಡೆಯ ಮಾಳಿಗೆ ಮನೆಗಳೂ ಅದೇ ಕುಲದವು: ಒಳಗೆ ಮರದ ಕಂಬ, ತೊಲೆ, ಜಂತೆ, ಹಲಗೆ, ಅದರ ಮೇಲೆ ಬಿಸಿಲು ತಡೆಯಲೆಂದು ವರ್ಷವರ್ಷವೂ ಹಾಕುತ್ತ ಬಂದ ಮಣ್ಣಿನ ಮೇಲ್ಮುದ್ದೆ, ಸುತ್ತ ಎರಡಡಿಗೂ ಮಿಕ್ಕಿದ ದಪ್ಪದ ಕಲ್ಲುಗೋಡೆ. ಆ ಗೋಡೆಯೆಂದರೆ ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡು ಮೈಗಳನ್ನೂ ಹಿಡಿದು ನಿಲ್ಲುವ ಉದ್ದಗಲ್ಲು ಬಹಳ ಕಡೆ ಇರಲೇ ಇಲ್ಲ. ನೆಲ ನಡುಗಿದಾಗ ಎರಡು ಸಾಲುಗಳು ಬೇರ್ಪಟ್ಟವು, ಒಂದು ಬೀದಿಗೆ ಬಿತ್ತು, ಇನ್ನೊಂದು ಮಲಗಿದ್ದವರ ಮೇಲೆ.

ಮೇಲ್ಮುದ್ದೆಯ ತೂಕವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಒತ್ತಿ ಕೂರಿಸಿದ ಮಣ್ಣು ಘನ ಮೀಟರಿಗೆ ಸುಮಾರು 1,700 ಕಿಲೊ. ಅರ್ಧ ಮೀಟರ್ ದಪ್ಪವಿದ್ದರೆ ಚದರ ಮೀಟರಿಗೆ 850 ಕಿಲೊ; ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಒಂದು ಕೋಣೆಯ ಮೇಲೆ ಹತ್ತು ಟನ್ನು. ಕಿಲ್ಲಾರಿಯ ಎಷ್ಟೋ ಮನೆಗಳಲ್ಲಿ ಮಣ್ಣು ಅಷ್ಟು ದಪ್ಪವಿತ್ತು, ಕೆಲವೆಡೆ ಇನ್ನೂ ಹೆಚ್ಚು. ಹಾಗಿದ್ದೂ ಅಲ್ಲಿನ ಅವಶೇಷಗಳಲ್ಲಿ ತಜ್ಞರು ಗುರುತಿಸಿದ ಸಂಗತಿಯೊಂದಿದೆ: ಗೋಡೆಗಳೆಲ್ಲ ಸುತ್ತಲೂ ಕುಸಿದುಬಿದ್ದಿದ್ದರೂ ಒಳಗಿನ ಮರದ ಚೌಕಟ್ಟು ಛಾವಣಿಯನ್ನು ಹೊತ್ತುಕೊಂಡೇ ನಿಂತಿದ್ದ ಮನೆಗಳಿದ್ದವು. ತೊಲೆಯ ತುದಿಯನ್ನು ಗೋಡೆಯ ಮೇಲೆಯೇ ಕೂರಿಸಿ ಕಂಬದ ಖರ್ಚು ಉಳಿಸಿದ್ದಲ್ಲಿ ಗೋಡೆಯ ಜೊತೆ ಛಾವಣಿಯೂ ಬಿತ್ತು. ಮರ ಇತ್ತೋ ಇಲ್ಲವೋ ಎಂಬುದಕ್ಕಿಂತ, ಛಾವಣಿಯ ಭಾರ ನೆಲ ಮುಟ್ಟಲು ಗೋಡೆಯನ್ನು ನೆಚ್ಚಿಕೊಂಡಿತ್ತೋ ಕಂಬವನ್ನೋ ಎಂಬುದು ಅಲ್ಲಿ ಬದುಕು–ಸಾವಿನ ವ್ಯತ್ಯಾಸವಾಯಿತು.

ಮರ ಮತ್ತು ಗೋಡೆ ಒಂದನ್ನೊಂದು ಹಿಡಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಕಾಶ್ಮೀರದ ಧಜ್ಜಿ ದೇವಾರಿ ಮನೆಗಳನ್ನು ನೋಡಬೇಕು. ಅಲ್ಲಿ ಮರದ ಚೌಕಟ್ಟನ್ನು ಓರೆಪಟ್ಟಿಗಳಿಂದ ಚಿಕ್ಕ ಚಿಕ್ಕ ಕಿಂಡಿಗಳಾಗಿ ವಿಂಗಡಿಸಿ, ಪ್ರತಿ ಕಿಂಡಿಯಲ್ಲೂ ಕಲ್ಲು ಅಥವಾ ಇಟ್ಟಿಗೆಯನ್ನು ಮಣ್ಣಿನಲ್ಲಿ ತೆಳ್ಳಗೆ ತುಂಬುತ್ತಾರೆ. ಬಿರುಕು ಒಂದು ಕಿಂಡಿಯಿಂದ ಇನ್ನೊಂದಕ್ಕೆ ಹಬ್ಬುವುದಿಲ್ಲ; ಬಿದ್ದರೂ ಬೀಳುವುದು ಒಂದಿಷ್ಟು ಕಲ್ಲು, ಗೋಡೆಗೆ ಗೋಡೆಯೇ ಅಲ್ಲ. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ಇಂಥ ಮನೆಗಳು ಹೊಸ ಕಾಂಕ್ರೀಟು ಕಟ್ಟಡಗಳ ನಡುವೆ ಎದ್ದು ಕಾಣುವಂತೆ ಉಳಿದವು, ಪಾಕಿಸ್ತಾನದ ಪುನರ್ನಿರ್ಮಾಣ ಕಾರ್ಯದಲ್ಲಿ ಸರ್ಕಾರವೇ ಈ ಪದ್ಧತಿಗೆ ಒಪ್ಪಿಗೆ ಕೊಟ್ಟಿತು. 1755ರ ಭೂಕಂಪದ ನಂತರ ಲಿಸ್ಬನ್ ನಗರವನ್ನು ಮತ್ತೆ ಕಟ್ಟುವಾಗ ಪೋರ್ಚುಗೀಸರೂ ಗೋಡೆಯೊಳಗೆ ಓರೆಪಟ್ಟಿಗಳ ಮರದ ಪಂಜರವನ್ನು ಕಡ್ಡಾಯವಾಗಿ ಅಳವಡಿಸಿದರು. ಅಸ್ಸಾಮಿನಲ್ಲಿ 1897ರ ಮಹಾ ಭೂಕಂಪದ ಬಳಿಕ ಮರದ ಚೌಕಟ್ಟು, ಜೊಂಡಿನ ಗೋಡೆ, ಹಗುರ ತಗಡಿನ ಛಾವಣಿಯ ಮನೆಗಳು ರೂಢಿಗೆ ಬಂದವು.

ಈಗ ನಿಮ್ಮ ವಾಡೆಗೆ ಬರೋಣ. ಪೇಶ್ವೆಯವರ ಕಾಲದ ಪದ್ಧತಿಯ ವಾಡೆಗಳಲ್ಲಿ ಒಂದು ದೊಡ್ಡ ಗುಣವೆಂದರೆ ನೆಲ ಮತ್ತು ಛಾವಣಿಯ ಭಾರವನ್ನು ಹೆಚ್ಚಾಗಿ ಕಂಬಗಳೇ ಹೊರುವುದು. ದೊಡ್ಡ ದೋಷವೆಂದರೆ ಓರೆಪಟ್ಟಿಗಳಿಲ್ಲದಿರುವುದು. ಕಂಬದ ತಲೆಯನ್ನು ತೊಲೆಯ ತೂತಿನಲ್ಲಿ ಕೂರಿಸಿ ಬೆಣೆ ಹೊಡೆದ ಸಂದು ಹೊಸದಿದ್ದಾಗ ಬಿಗಿಯಾಗಿರುತ್ತದೆ, ನೂರು ಮಳೆಗಾಲ ಕಂಡ ಮೇಲೆ ಮರ ಕುಗ್ಗಿ ಸಡಿಲವಾಗುತ್ತದೆ. ಕೀಲು ಸಡಿಲವಾದ ಮಂಚದ ಮೇಲೆ ಎಷ್ಟು ಜನ ಕುಳಿತರೂ ಅದು ಮುರಿಯುವುದಿಲ್ಲ, ಪಕ್ಕದಿಂದ ತಳ್ಳಿದರೆ ಮಾತ್ರ ಓಲಾಡುತ್ತದೆ. ವಾಡೆಯ ಚೌಕಟ್ಟೂ ಹಾಗೆಯೇ. ಇಷ್ಟು ವರ್ಷ ಅದನ್ನು ಓಲಾಡದಂತೆ ತಡೆದಿರುವುದು ಕಂಬಗಳ ನಡುವಿನ, ಬದಿಯ ಇಟ್ಟಿಗೆ ಗೋಡೆಗಳು. ಅವು ಧಜ್ಜಿಯಂತೆ ಚಿಕ್ಕ ಕಿಂಡಿಗಳಲ್ಲ. ನೆಲದಿಂದ ತೊಲೆಯವರೆಗೆ ಒಂದೇ ಹಲಗೆಯಂತೆ ನಿಂತಿರುವ, ಮಣ್ಣಿನ ಗಾರೆಯ ಗೋಡೆಗಳು. ಬಲವಾದ ಕಂಪನದಲ್ಲಿ ಅವು ಅಡ್ಡಕ್ಕೆ ಕಳಚಿ ಬೀಳಬಹುದು, ಹೊರಗೋಡೆಯಾದರೆ ಬೀದಿಯ ಮೇಲೂ ಬೀಳಬಹುದು.

ಇಷ್ಟರ ಮೇಲೆ ನಾವೇ ಮಾಡಿಕೊಂಡ ಅನರ್ಥಗಳಿವೆ, ನಗರದೊಳಗಿನ ಪೇಠೆಗಳಲ್ಲಿ ಇವನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ. ಬೀದಿಗೆ ಮುಖಮಾಡಿದ ನೆಲ ಅಂತಸ್ತಿನಲ್ಲಿ ಅಂಗಡಿ ಮಾಡಲೆಂದು ಗೋಡೆ ಒಡೆದು, ಕೆಲವೊಮ್ಮೆ ಕಂಬವನ್ನೇ ಕಿತ್ತು ಉಕ್ಕಿನ ತೊಲೆ ತೂರಿಸಿ ಷಟರ್ ಹಾಕಿರುತ್ತಾರೆ. ನಾರ್ಥ್‌ರಿಜ್‌ನ ಕಾರು ನಿಲ್ದಾಣಕ್ಕೂ ಇದಕ್ಕೂ ಭೂಕಂಪದ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ. ಮೂಲದಲ್ಲಿ ಇಲ್ಲದಿದ್ದ ಸ್ನಾನದ ಮನೆಯನ್ನು ಮೇಲಿನ ಮಹಡಿಯಲ್ಲಿ ಮಾಡಿಕೊಂಡು, ಹಲಗೆಯ ನೆಲದ ಮೇಲೆ ಕಾಂಕ್ರೀಟು ಸುರಿದು ಟೈಲ್ಸ್ ಹಾಕಿಸಿರುತ್ತಾರೆ. ಭಾರವೂ ಏರಿತು, ಸೋರುವ ನೀರು ಕೆಳಗಿನ ಜಂತೆಯನ್ನೂ ತೊಲೆಯ ತುದಿಯನ್ನೂ ಕೊಳೆಸತೊಡಗಿತು. ಛಾವಣಿಯ ಮೇಲೆ ಇಟ್ಟ ಸಾವಿರ ಲೀಟರಿನ ಒಂದೊಂದು ಟ್ಯಾಂಕೂ ತುಂಬಿದಾಗ ಒಂದು ಟನ್ನು. ಭಾರತೀಯ ಮಾನಕ ಬ್ಯೂರೋದ ಐಎಸ್ 4326 ಸಂಹಿತೆಯು ಮರದ ಕಟ್ಟಡವನ್ನು ಸಾಮಾನ್ಯವಾಗಿ ಎರಡು ಅಂತಸ್ತಿಗೆ, ಬೇಕಿದ್ದರೆ ಮೇಲೊಂದು ಅಟ್ಟಕ್ಕೆ ಮಿತಿಗೊಳಿಸಿದೆ. ನಿಮ್ಮದು ನೆಲ ಅಂತಸ್ತು ಸೇರಿ ಕನಿಷ್ಠ ಮೂರು.

ನೀವೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ನೆಲ ಅಂತಸ್ತಿನ ಕಂಬಗಳು ತಳಗಲ್ಲಿನ ಮೇಲೆ ಕೂರುವ ಜಾಗದಲ್ಲಿ, ಬಣ್ಣ ಕೆರೆದು, ಸ್ಕ್ರೂಡ್ರೈವರಿನ ಮೊನೆಯನ್ನು ಅಂಗೈಯಿಂದ ಒತ್ತಿ ನೋಡಿ. ಗಟ್ಟಿ ಸಾಗವಾನಿಯಲ್ಲಿ ಗೀರಷ್ಟೇ ಮೂಡುತ್ತದೆ; ಮೊನೆ ಬೆರಳಗಲ ಒಳಗೆ ಹೋದರೆ, ಇಲ್ಲವೇ ಬಡಿದಾಗ ಟೊಳ್ಳು ಸದ್ದು ಬಂದರೆ, ಒಳಗೆ ಕೊಳೆ ಅಥವಾ ಗೆದ್ದಲು ಇದೆ ಎಂದೇ ತಿಳಿಯಬೇಕು. ಸಾಗವಾನಿಗೆ ಗೆದ್ದಲು ಹತ್ತುವುದಿಲ್ಲ ಎಂಬ ನಂಬಿಕೆ ಅದರ ತಿರುಳಿಗೆ ಮಾತ್ರ ಒಪ್ಪುತ್ತದೆ; ಹೊರಗಿನ ಬಿಳಿಮರಕ್ಕೆ ಅಲ್ಲ. ಇದೇ ರೀತಿ ಸ್ನಾನದ ಮನೆಯ ಕೆಳಗೆ, ಹೆಂಚು ಸೋರುವ ಕಡೆ, ತೊಲೆ ಗೋಡೆಯೊಳಗೆ ಸೇರುವ ಬಾಯಲ್ಲಿ ನೋಡಿ. ಈ ಕೊನೆಯ ಜಾಗವೇ ಅತ್ಯಂತ ಅಪಾಯದ್ದು, ಏಕೆಂದರೆ ಹೊರಗೆ ಚೆನ್ನಾಗಿ ಕಾಣುವ ತೊಲೆ ಗೋಡೆಯೊಳಗೆ ಪುಡಿಯಾಗಿರುವುದುಂಟು.

ಪುಣೆಯಲ್ಲಿ ಅಷ್ಟು ಬಲವಾದ ಭೂಕಂಪ ಆಗುತ್ತದೆಯೇ ಎಂದು ನೀವು ಕೇಳಬಹುದು. ಪುಣೆ, ಮುಂಬಯಿ, ಗೋವೆಗಳನ್ನು 2002ರ ಭೂಕಂಪ ವಲಯ ನಕ್ಷೆಯಲ್ಲಿ ಮೂರನೆಯ ವಲಯ, ಅಂದರೆ ಮಧ್ಯಮ ಅಪಾಯದ ವಲಯ ಎಂದು ಗುರುತಿಸಿದ್ದಾರೆ. ಪುಣೆಯಿಂದ ದಕ್ಷಿಣಕ್ಕೆ ಸುಮಾರು 125 ಕಿಲೊಮೀಟರ್ ದೂರದ ಕೊಯ್ನಾನಗರದಲ್ಲಿ 1967ರ ಡಿಸೆಂಬರ್ 11ರಂದು ಆರಕ್ಕೂ ಹೆಚ್ಚು ಪರಿಮಾಣದ ಭೂಕಂಪವಾಗಿ 180ರಷ್ಟು ಜನ ಸತ್ತರು. ಪುಣೆ, ಮುಂಬಯಿಗಳಲ್ಲೂ ಜನ ಎಚ್ಚರಗೊಂಡರು. ಕಿಲ್ಲಾರಿಯಂತೂ 1993ಕ್ಕೆ ಮೊದಲು ನಕ್ಷೆಯ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ನಾಳೆಯೇ ಆಗುತ್ತದೆ ಎಂದು ಭಯಪಡುವ ಊರಲ್ಲ ಇದು, ಆಗುವುದೇ ಇಲ್ಲ ಎಂದು ಕೂರುವ ಊರೂ ಅಲ್ಲ. ನಿಜ ಹೇಳಬೇಕೆಂದರೆ ಕೊಳೆತ ತೊಲೆಗೆ ಭೂಕಂಪ ಬೇಕಾಗಿಯೂ ಇಲ್ಲ; ಮುಂಬಯಿಯ ಹಳೆಯ ಚಾಳುಗಳೂ ಇಲ್ಲಿನ ವಾಡೆಗಳೂ ಜುಲೈ–ಆಗಸ್ಟಿನ ಮಳೆಗೇ ಕುಸಿಯುವುದನ್ನು ನಾವು ಓದುತ್ತಲೇ ಇದ್ದೇವೆ.

ರಾತ್ರಿ ನೆಲ ನಡುಗಿದರೆ ಏನು ಮಾಡಬೇಕು ಎಂಬುದಕ್ಕೆ ಎರಡನೆಯ ಮಹಡಿಯಲ್ಲಿರುವ ನಿಮಗೆ ನನ್ನ ಉತ್ತರ ಸ್ಪಷ್ಟ: ಓಡಬೇಡಿ. ವಾಡೆಯ ಮೆಟ್ಟಿಲು ಕಡಿದಾಗಿ, ಗೋಡೆಗೆ ಒತ್ತಿಕೊಂಡು, ಕತ್ತಲಲ್ಲಿ ಇರುತ್ತದೆ. ಬಲವಾದ ಕಂಪನ ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಮುಗಿಯುತ್ತದೆ, ಅಷ್ಟರಲ್ಲಿ ಅತ್ತೆಯವರನ್ನು ಇಳಿಸುವುದು ಅಸಾಧ್ಯ. ಇಳಿದರೂ ಹೆಂಚು, ಇಟ್ಟಿಗೆ ಬೀಳುವುದು ಚೌಕದ ಅಂಗಳಕ್ಕೆ ಮತ್ತು ಬೀದಿಗೇ. ಗಟ್ಟಿ ಮೇಜಿನ ಕೆಳಗೆ ನುಸುಳಿ ಅದರ ಕಾಲು ಹಿಡಿದುಕೊಳ್ಳಿ. ಹಾಸಿಗೆಯಿಂದ ಏಳಲಾಗದ ಹಿರಿಯರು ಹಾಸಿಗೆಯಲ್ಲೇ ಮಗ್ಗುಲಾಗಿ, ದಿಂಬಿನಿಂದ ತಲೆ–ಕತ್ತು ಮುಚ್ಚಿಕೊಳ್ಳುವುದು ಉತ್ತಮ. ಆದರೆ ಮಣ್ಣು–ಕಲ್ಲಿನ ಮನೆಯ ನೆಲ ಅಂತಸ್ತಿನಲ್ಲಿ, ಭಾರದ ಛಾವಣಿಯ ಅಡಿಯಲ್ಲಿ, ಬಾಗಿಲ ಹತ್ತಿರವೇ ಮಲಗಿರುವವರಿಗೆ ತಕ್ಷಣ ಬಯಲಿಗೆ ಬರುವುದೇ ಸರಿ. ವಿಜಯಪುರದ ಕಡೆಯ ನಿಮ್ಮ ಬಂಧುಗಳಿಗೆ ಇದನ್ನು ಬೇರೆಯಾಗಿಯೇ ಹೇಳಿ.

ಇದಕ್ಕಿಂತ ಮುಖ್ಯವಾದುದು ಇವತ್ತೇ ಮಾಡುವ ಕೆಲಸ. ಅತ್ತೆಯವರ ಮಂಚವನ್ನು ಹೊರಗೋಡೆಯಿಂದ ದೂರ ಸರಿಸಿ, ನಾಲ್ಕು ಕಂಬಗಳ ನಡುವಿನ ಅಂಕಣದೊಳಗೆ ತನ್ನಿ. ಅವರ ತಲೆದೆಸೆಯಲ್ಲಿ ಗಾಡ್ರೇಜ್ ಕಪಾಟು ಇದ್ದರೆ ಅದನ್ನು ಬೇರೆಡೆ ಇಟ್ಟು ಗೋಡೆಗಲ್ಲ, ಮರದ ಕಂಬಕ್ಕೆ ಪಟ್ಟಿಯಿಂದ ಬಿಗಿಯಿರಿ. ಅಟ್ಟದ ಮೇಲಿನ ಹಿತ್ತಾಳೆ ಹಂಡೆ, ಟ್ರಂಕುಗಳನ್ನು ಕೆಳಗಿಳಿಸಿ. ಹಾಸಿಗೆಯ ಪಕ್ಕ ಟಾರ್ಚು ಮತ್ತು ಚಪ್ಪಲಿ ಇರಲಿ. ಭೂಕಂಪದ ನಂತರ ಒಡೆದ ಗಾಜು ತುಳಿದು ಗಾಯಗೊಳ್ಳುವವರು ಎಲ್ಲ ಕಡೆಯೂ ಬಹಳ. ಕಂಪನ ನಿಂತ ಕೂಡಲೇ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿ, ದೇವರ ದೀಪ ನಂದಿಸಿ, ಆಮೇಲೆ ಹೊರಗೆ ಹೋಗಿ. ಮರದ ಮನೆಗಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ: 1923ರಲ್ಲಿ ಟೋಕಿಯೊ ಮತ್ತು ಯೊಕೊಹಾಮಾದಲ್ಲಿ ಸತ್ತ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲನ್ನು ಕೊಂದದ್ದು ಮಧ್ಯಾಹ್ನದ ಅಡುಗೆಯ ಹೊತ್ತಿಗೆ ಆದ ಭೂಕಂಪದ ನಂತರದ ಬೆಂಕಿ.

ವಾಡೆಯನ್ನು ಗಟ್ಟಿಗೊಳಿಸಲು ಸಾಧ್ಯವೇ ಎಂದರೆ, ಸಾಧ್ಯ. ಮಾಲೀಕರೂ ಬಾಡಿಗೆದಾರರೂ ಒಪ್ಪಬೇಕು, ಕಷ್ಟವಿರುವುದು ಅಲ್ಲಿಯೇ. ಒಪ್ಪಿದರೆ ಮೊದಲು ಭಾರ ಇಳಿಸಬೇಕು: ಟ್ಯಾಂಕುಗಳು, ನೆಲದ ಮೇಲಿನ ದಪ್ಪ ಮಣ್ಣು, ಆಮೇಲೆ ಹಾಕಿದ ಕಾಂಕ್ರೀಟು. ಕೊಳೆತ ಬುಡವನ್ನು ಕತ್ತರಿಸಿ ಹೊಸ ಮರ ಕೂಡಿಸಿ, ಉಕ್ಕಿನ ಹಿಡಿಪಟ್ಟಿಯಿಂದ ತಳಗಲ್ಲಿಗೆ ಕಟ್ಟಬೇಕು. ಕಂಬ–ತೊಲೆ ಕೂಡುವಲ್ಲಿ ಉಕ್ಕಿನ ಪಟ್ಟಿ ಮತ್ತು ಬೋಲ್ಟು, ಪ್ರತಿ ಅಂತಸ್ತಿನಲ್ಲೂ ಎರಡೂ ದಿಕ್ಕಿಗೆ ಕೆಲವು ಅಂಕಣಗಳಲ್ಲಿ ಓರೆಪಟ್ಟಿ, ಹಲಗೆಯ ನೆಲದ ಮೇಲೆ ಅಡ್ಡಲಾಗಿ ಇನ್ನೊಂದು ಪದರ ಹಲಗೆ, ಹೊರಗೋಡೆಯನ್ನು ನೆಲದ ತೊಲೆಗಳಿಗೆ ಹಿಡಿಯುವ ಸರಳುಗಳು. ಅಂಗಡಿಯ ಮುಂಭಾಗಕ್ಕೆ ಉಕ್ಕಿನ ಚೌಕಟ್ಟು ಬೇಕಾದೀತು. ಮಹಾನಗರಪಾಲಿಕೆ ಮಳೆಗಾಲಕ್ಕೆ ಮುನ್ನ ಅಪಾಯಕಾರಿ ವಾಡೆಗಳಿಗೆ ನೋಟಿಸು ಕೊಡುತ್ತದೆ. ಅದು ಬರುವವರೆಗೆ ಕಾಯದೆ ಬಾಡಿಗೆದಾರರೆಲ್ಲ ಸೇರಿ, ಬಿಲ್ಡರ್ ಕಳಿಸಿದವರಲ್ಲದ ಸ್ಟ್ರಕ್ಚರಲ್ ಎಂಜಿನಿಯರರಿಂದ ಆಡಿಟ್ ಮಾಡಿಸಿ. ಹೆಚ್ಚಿನ ಕಂಬಗಳ ಬುಡ, ತೊಲೆಯ ತುದಿ ಕೊಳೆತಿವೆ ಎಂದು ಅವರು ಬರೆದುಕೊಟ್ಟರೆ, ಮರದ ಮೇಲಿನ ಪ್ರೀತಿ ಬದಿಗಿಟ್ಟು ಮನೆ ಬಿಡುವುದೇ ಸರಿ.

ಹಾಗೆ ಬಿಡುವುದಾದರೆ ಬಿಲ್ಡರ್ ಕಟ್ಟಲಿರುವ ಅಪಾರ್ಟ್‌ಮೆಂಟ್ ಕಾಂಕ್ರೀಟಿನದು ಎಂಬ ಮಾತ್ರಕ್ಕೆ ಸಮಾಧಾನಪಡಬೇಡಿ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ ಇನ್ನೂರು ಕಿಲೊಮೀಟರಿಗೂ ದೂರದ, ಪುಣೆಯಂತೆಯೇ ಆಗ ಮೂರನೆಯ ವಲಯದಲ್ಲಿದ್ದ ಅಹಮದಾಬಾದಿನಲ್ಲಿ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಬಿದ್ದದ್ದು ವಾಹನ ನಿಲ್ಲಿಸಲು ಕೆಳಗೆ ಬರಿಯ ಕಂಬಗಳ ಮೇಲೆ ನಿಂತಿದ್ದ ಕಾಂಕ್ರೀಟು ಅಪಾರ್ಟ್‌ಮೆಂಟುಗಳು. ಕಾಂಕ್ರೀಟು ಕಟ್ಟಡಗಳು ಭೂಕಂಪವನ್ನು ತಾಳುವಂತೆ ಕಬ್ಬಿಣ ಕಟ್ಟುವ ಬಗೆಯನ್ನು ಹೇಳುವ ಐಎಸ್ 13920 ಸಂಹಿತೆಯ ಪ್ರಕಾರ ಕಂಬಗಳ ಉಂಗುರ ಸರಳುಗಳನ್ನು ಒತ್ತೊತ್ತಾಗಿ, ತುದಿಯ ಕೊಕ್ಕೆಯನ್ನು ಕಂಬದ ಒಳಕ್ಕೆ ಬಗ್ಗಿಸಿ ಕಟ್ಟುತ್ತೀರಾ, ಪಾರ್ಕಿಂಗ್ ಅಂತಸ್ತಿನಲ್ಲಿ ಪಾಯದಿಂದ ಮೇಲಿನವರೆಗೆ ಹೋಗುವ ಕಾಂಕ್ರೀಟು ಗೋಡೆಗಳಿವೆಯೇ ಎಂಬ ಎರಡು ಪ್ರಶ್ನೆಗಳನ್ನು ಅವರಿಗೆ ಕೇಳಿ. ಉತ್ತರವನ್ನು ನಕ್ಷೆಯ ಮೇಲೆ, ಅವರ ಎಂಜಿನಿಯರರ ಸಹಿಯೊಂದಿಗೆ ತೆಗೆದುಕೊಂಡ ನಂತರವೇ ಒಪ್ಪಂದಕ್ಕೆ ರುಜು ಹಾಕಿ.